ಕಾದ ಎಣ್ಣೆಯಿಂದ ಧೈರ್ಯ ಹುಟ್ಟದು

2022ರ ಏಪ್ರಿಲ್ 28, ಕೇರಳದ ಮಂಜೇರಿ. ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯ ಸೆಮಿಫೈನಲ್. ಮೊದಲ ಗೋಲು ಕರ್ನಾಟಕದ್ದೇ. ಅರ್ಧ ಗಂಟೆಯ ಆಟವಾದ ಮೇಲೆ ಕೇರಳ ಟಿ.ಕೆ. ಜೆಸಿನ್ ಎಂಬ ಯುವಕನನ್ನು ಬದಲಿ ಆಟಗಾರನಾಗಿ ಇಳಿಸಿತು. ವಿರಾಮದ ಹೊತ್ತಿಗೆ ಅವರ ಹೆಸರಿನಲ್ಲಿ ಮೂರು ಗೋಲು, ಪಂದ್ಯ ಮುಗಿಯುವಾಗ ಐದು. ಕೇರಳ 7, ಕರ್ನಾಟಕ 3. ಫುಟ್‌ಬಾಲಿನಲ್ಲಿ ಏಳು ಗೋಲು ತಿಂದ ತಂಡ ಬರೀ ಸೋಲುವುದಿಲ್ಲ, ಊರಿಗೆ ಮುಖ ತೋರಿಸಲು ಹಿಂಜರಿಯುತ್ತದೆ.

ಹತ್ತು ತಿಂಗಳ ನಂತರ, 2023ರ ಮಾರ್ಚ್ 4ರಂದು, ಅದೇ ಕರ್ನಾಟಕದ ಅಂಗಿ ತೊಟ್ಟ ತಂಡ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಟ್ರೋಫಿ ಎತ್ತಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷ ಈ ಟ್ರೋಫಿ ನಮ್ಮ ರಾಜ್ಯಕ್ಕೆ ಬಂದಿರಲಿಲ್ಲ. ಕೋಚ್ ಬೇರೆಯವರಾಗಿದ್ದರು, ರವಿಬಾಬು ರಾಜು. ಆಟಗಾರರಲ್ಲೂ ಹಲವರು ಹೊಸಬರು. ಆದರೂ ರಾಜ್ಯ ತಂಡ ಎಂದಮೇಲೆ ಹಿಂದಿನ ವರ್ಷದ ಅಂಕಿ ಅಂಗಿಯ ಜೊತೆಗೇ ಬರುತ್ತದೆ. ಭುವನೇಶ್ವರದಲ್ಲಿ ನಡೆದ ಗುಂಪು ಹಂತದಲ್ಲಿ ಇದೇ ಕೇರಳ ಮತ್ತೆ ಎದುರಾಯಿತು. ಕರ್ನಾಟಕ 1–0ರಿಂದ ಗೆದ್ದಿತು. ರಿಯಾದ್‌ನ ಸೆಮಿಫೈನಲ್‌ನಲ್ಲಿ ಸರ್ವಿಸಸ್ ಮೊದಲು ಗೋಲು ಹೊಡೆದರೂ ವಿರಾಮದೊಳಗೇ ಕರ್ನಾಟಕ ಮುಂದಿತ್ತು, ಕೊನೆಗೆ 3–1. ಫೈನಲ್‌ನಲ್ಲಿ ಎರಡನೇ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು ಹೊಡೆದರು. ಒಂಬತ್ತನೇ ನಿಮಿಷದಲ್ಲಿ ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಹತ್ತೇ ನಿಮಿಷದಲ್ಲಿ ಬೆಕೆ ಓರಾಮ್ ಮತ್ತೆ ಮುನ್ನಡೆ ಕೊಟ್ಟರು, ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಮೂರನೆಯದನ್ನು ಸೇರಿಸಿದರು.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಹತ್ತು ನಿಮಿಷ. ಮುನ್ನಡೆ ಸಿಕ್ಕಿತು, ಕೈತಪ್ಪಿತು, ತಂಡ ಕುಗ್ಗಲಿಲ್ಲ. ಹೆದರಿದ ತಂಡಕ್ಕೆ ಅದು ಆಗುವುದಿಲ್ಲ. ಸಮನಾದ ಕೂಡಲೇ ಹಳೆಯ ಏಳು ಗೋಲುಗಳು ನೆನಪಾಗಬೇಕಿತ್ತು. ಅವು ನೆನಪಾಗದ ಹಾಗೆ, ಅಥವಾ ನೆನಪಾದರೂ ಕಾಲು ಕಟ್ಟಿಹಾಕದ ಹಾಗೆ, ತಂಡವನ್ನು ಸಜ್ಜುಗೊಳಿಸುವುದು ಹೇಗೆ?

ಸೀಸನ್ನಿನ ಕೊನೆಯಲ್ಲಿ ಬಡ್ತಿಗಾಗಿ ಆಡುವ ತಂಡಗಳಿಗೆ ಈ ಪ್ರಶ್ನೆ ಇನ್ನೂ ತೀವ್ರ. ಟ್ರೋಫಿ ಕೈತಪ್ಪಿದರೆ ಒಂದು ಕಪ್ ಹೋಯಿತು ಅಷ್ಟೆ. ಬಡ್ತಿ ಕೈತಪ್ಪಿದರೆ ಇಡೀ ಮುಂದಿನ ವರ್ಷವೇ ಕೆಳಗಿನ ದರ್ಜೆಯಲ್ಲಿ ಕಳೆಯಬೇಕು. ಕೆಲವರಿಗೆ ಕೆಲಸವೂ ಇರುವುದಿಲ್ಲ. ಬೆಂಗಳೂರು ಇದನ್ನು ಬಹಳ ಸಲ ಕಂಡಿದೆ. 2010ರಲ್ಲಿ ಐ-ಲೀಗ್ ಎರಡನೇ ಡಿವಿಷನ್‌ನಿಂದ ಎಚ್‌ಎಎಲ್ ಮೇಲೇರಿತು, 2011–12ರ ಕೊನೆಗೆ ಕೆಳಗಿಳಿಯಿತು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಎಂಬ ಹೊಸ ತಂಡ 2023–24ರ ಒಂದೇ ಸೀಸನ್ನಿನಲ್ಲಿ ಐ-ಲೀಗ್ 3ರಿಂದ ಐ-ಲೀಗ್ 2ಕ್ಕೆ, ಅಲ್ಲಿ ಅಗ್ರಸ್ಥಾನ ಪಡೆದು ಐ-ಲೀಗ್‌ಗೆ ಏರಿತು. ಗೋವಾದ ಡೆಂಪೊದಂಥ ಹಳೆಯ, ಹೆಸರಾಂತ ಕ್ಲಬ್ ಆ ಪಟ್ಟಿಯಲ್ಲಿ ಅದರ ಹಿಂದಿತ್ತು. ಮರುವರ್ಷ ಅದೇ ಸ್ಪೋರ್ಟಿಂಗ್ ಕ್ಲಬ್ ಐ-ಲೀಗ್ ಪಟ್ಟಿಯ ಕೊನೆಯ ಎರಡು ಸ್ಥಾನಗಳಲ್ಲಿ ಒಂದಕ್ಕೆ ಬಿತ್ತು. ಏರುವಾಗಿನ ಎದೆಗಾರಿಕೆಯನ್ನು ಉಳಿಸಿಕೊಳ್ಳುವುದು ಏರುವುದಕ್ಕಿಂತ ಕಷ್ಟ.

ಕಡೂರು ಸೀಮೆಯ ದೇವನೂರಿನ ಕಡೆಯವರು ಫುಟ್‌ಬಾಲ್ ಬಗ್ಗೆ ಬರೆಯುವುದೇನು ಎಂದು ಯಾರಾದರೂ ಕೇಳಬಹುದು. ಕಡೂರು, ತರೀಕೆರೆ, ಅಜ್ಜಂಪುರದ ಊರುಗಳಲ್ಲಿ ಸಂಜೆ ಹುಡುಗರು ಸೇರುವುದು ಕಬಡ್ಡಿ ಅಂಕಣದಲ್ಲಿ, ವಾಲಿಬಾಲ್ ನೆಟ್ಟಿನ ಸುತ್ತ, ಇಲ್ಲವೇ ಕ್ರಿಕೆಟ್ಟಿಗೆ. ಫುಟ್‌ಬಾಲ್ ನಮಗೆ ರೈಲು ಹತ್ತಿ ಹೋಗಿ ನೋಡುವ ಆಟ. ಆದರೆ ಭಯ ಎಲ್ಲ ಆಟಕ್ಕೂ ಒಂದೇ, ಮತ್ತು ಭಯದ ವಿಷಯದಲ್ಲಿ ಈ ಊರಿಗೆ ಹೇಳಲು ಒಂದು ಕಥೆಯಿದೆ.

ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರು ದೇವನೂರು. ಅವನು ಕಟ್ಟಿಕೊಟ್ಟ ಸುಧನ್ವನ ಕಥೆಯನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ತಲೆಮಾರುಗಳು ಇಲ್ಲಿವೆ. ಹಂಸಧ್ವಜ ರಾಜ ಅರ್ಜುನನ ಮೇಲಿನ ಯುದ್ಧಕ್ಕೆ ಡಂಗುರ ಹೊಡೆಸುತ್ತಾನೆ. ತಡವಾಗಿ ಬಂದವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುವುದಾಗಿ ಆಜ್ಞೆ. ತಡವಾಗಿ ಬಂದವನು ರಾಜನ ಮಗನೇ, ಸುಧನ್ವ. ಪಡೆಯಲ್ಲಿ ಅವನಿಗಿಂತ ಉತ್ತಮ ಬಿಲ್ಲುಗಾರನಿಲ್ಲ. ಆದರೂ ಶಂಖ, ಲಿಖಿತ ಎಂಬ ಪುರೋಹಿತರು ಆಜ್ಞೆ ಆಜ್ಞೆಯೇ ಎಂದು ಹಟ ಹಿಡಿಯುತ್ತಾರೆ. ಸುಧನ್ವನನ್ನು ಎಣ್ಣೆಗೆ ಹಾಕುತ್ತಾರೆ, ಭಗವಂತನ ಸ್ಮರಣೆಯಿಂದ ಅವನು ಬದುಕುತ್ತಾನೆ, ಆಮೇಲೆ ರಣರಂಗದಲ್ಲಿ ಅರ್ಜುನನೇ ಬೆರಗಾಗುವಂತೆ ಕಾದುತ್ತಾನೆ.

ಈ ಕಥೆಯನ್ನು ಭಕ್ತಿಯ ಮಹಿಮೆಯೆಂದು ಕೇಳುತ್ತೇವೆ, ಅದು ಸರಿಯೇ. ಕೋಚ್ ಒಬ್ಬರು ಕೇಳಿದರೆ ಅವರಿಗೆ ಇನ್ನೊಂದು ವಿಷಯ ಕಾಣಬೇಕು. ಯುದ್ಧದ ಮುಂಜಾನೆ ತನ್ನ ಅತ್ಯುತ್ತಮ ಯೋಧನನ್ನು ರಾಜನೇ ಕಳೆದುಕೊಳ್ಳುವುದರಲ್ಲಿದ್ದ. ಶಿಸ್ತಿನ ಹೆಸರಿನಲ್ಲಿ ಹುಟ್ಟಿಸಿದ ಭಯ ಶತ್ರುವಿನ ಕೆಲಸವನ್ನು ತಾನೇ ಮಾಡಿಬಿಡುತ್ತಿತ್ತು. ಸುಧನ್ವನನ್ನು ಕಾಯಲು ಹರಿಯಿದ್ದ. ಪಂದ್ಯದ ಎಂಬತ್ತನೇ ನಿಮಿಷದಲ್ಲಿ ತಪ್ಪು ಪಾಸ್ ಕೊಟ್ಟ ಹತ್ತೊಂಬತ್ತರ ಹುಡುಗನನ್ನು ಕಾಯಬೇಕಾದವರು ಅವನ ಕೋಚ್ ಮತ್ತು ಹತ್ತು ಜನ ಜೊತೆಗಾರರು.

ನಮ್ಮ ಮೈದಾನಗಳಲ್ಲಿ ಈಗಲೂ ಕೊಪ್ಪರಿಗೆಗಳು ಕಾಯುತ್ತಿವೆ. ತಪ್ಪು ಮಾಡಿದವನನ್ನು ಸಾಲಿನ ಮುಂದೆ ನಿಲ್ಲಿಸಿ ಬೈಯುವುದು, ವಿರಾಮಕ್ಕೆ ಮುಂಚೆಯೇ ಹೊರಗೆ ಕರೆಸುವುದು, ಮುಂದಿನ ಪಂದ್ಯಕ್ಕೆ ಅವನ ಮುಖವನ್ನೂ ನೋಡದಿರುವುದು. ಇದನ್ನು ಕಟ್ಟುನಿಟ್ಟು ಎನ್ನುತ್ತಾರೆ. ಸೀಸನ್ನಿನ ಮೊದಲ ತಿಂಗಳಲ್ಲಿ ಇದರ ಪರಿಣಾಮ ಕಾಣುವುದಿಲ್ಲ. ಕೊನೆಯ ಮೂರು ಪಂದ್ಯಗಳಲ್ಲಿ ಕಾಣುತ್ತದೆ.

ಕೊನೆಯಲ್ಲಿಯೇ ಏಕೆ? ಕಡೂರು ಸೀಮೆಯ ರೈತನಿಗೆ ರಾಗಿ ಬಿತ್ತುವಾಗ ಅಷ್ಟು ಭಯವಿರುವುದಿಲ್ಲ. ತೆನೆ ಬಲಿತು ಕೊಯ್ಲಿಗೆ ನಿಂತಾಗ ಮೂಡಣದಲ್ಲಿ ಕಪ್ಪು ಮೋಡ ಕಂಡರೆ ಎದೆ ಡವಗುಟ್ಟುತ್ತದೆ. ಕೈಗೆ ಬಂದದ್ದು ಹೋಗುತ್ತದೆಯಲ್ಲಾ ಎಂಬ ಭಯ ಅದು. ಬಡ್ತಿಯ ಅಂಚಿಗೆ ಬಂದ ತಂಡದ ಪಾಡೂ ಅದೇ. ಅಕ್ಟೋಬರಿನಲ್ಲಿ ಗೆದ್ದರೆ ಗಳಿಕೆ ಎನಿಸುತ್ತಿದ್ದ ಪಂದ್ಯ, ಏಪ್ರಿಲಿನಲ್ಲಿ ಗೆಲ್ಲದಿದ್ದರೆ ನಷ್ಟ ಎನಿಸತೊಡಗುತ್ತದೆ. ಆಟ ಅದೇ, ಲೆಕ್ಕ ಬದಲಾಗಿದೆ.

ನಾರ್ವೆಯ ಕ್ರೀಡಾ ಮನೋವಿಜ್ಞಾನಿ ಗೈರ್ ಯೋರ್ಡೆಟ್ ಇದನ್ನು ಅಳೆದು ತೋರಿಸಿದ್ದಾರೆ. ವಿಶ್ವಕಪ್, ಯುರೋಪಿಯನ್ ಚಾಂಪಿಯನ್‌ಷಿಪ್‌ಗಳಂಥ ದೊಡ್ಡ ಟೂರ್ನಿಗಳ ಪೆನಾಲ್ಟಿ ಶೂಟೌಟ್‌ಗಳನ್ನು ಅವರು ಒಂದೊಂದಾಗಿ ಪರಿಶೀಲಿಸಿದರು. ಈ ಒದೆತ ಗೋಲಾದರೆ ನಾವು ಗೆದ್ದೆವು ಎಂಬ ಸ್ಥಿತಿಯಲ್ಲಿ ನೂರಕ್ಕೆ ಸುಮಾರು 92 ಒದೆತಗಳು ಗೋಲಾದವು. ಇದು ತಪ್ಪಿದರೆ ನಾವು ಸೋತೆವು ಎಂಬ ಸ್ಥಿತಿಯಲ್ಲಿ ಆ ಪ್ರಮಾಣ 60ರ ಆಸುಪಾಸಿಗೆ ಇಳಿಯಿತು. ದೂರ ಅದೇ ಹನ್ನೊಂದು ಮೀಟರ್, ಚೆಂಡು ಅದೇ, ಗೋಲಿನ ಅಳತೆಯೂ ಅದೇ. ರೆಫರಿ ಸೀಟಿ ಊದಿದ ಕೂಡಲೇ ಓಡಿಹೋಗಿ ಒದ್ದುಬಿಡುವವರು ಹೆಚ್ಚು ತಪ್ಪುತ್ತಾರೆ ಎಂಬುದನ್ನೂ ಅವರು ಕಂಡರು. ಹೇಗಾದರೂ ಇದು ಮುಗಿದುಹೋಗಲಿ ಎಂಬ ಆತುರ ಅದು. ಪರೀಕ್ಷೆ ಬರೆದ ಯಾರಿಗಾದರೂ ಅದರ ಪರಿಚಯವಿದೆ.

ಪೆನಾಲ್ಟಿಯಲ್ಲಿ ಭಯ ಎಲ್ಲರ ಕಣ್ಣಿಗೂ ಬೀಳುತ್ತದೆ. ತೊಂಬತ್ತು ನಿಮಿಷದ ಆಟದಲ್ಲಿ ಅದು ಅಡಗಿ ಕೂರುತ್ತದೆ. ಹೆದರಿದ ಆಟಗಾರ ನಡುಗುವುದಿಲ್ಲ. ಅವನು ಎದುರಾಳಿಯ ಬೆನ್ನ ಹಿಂದೆ ನಿಲ್ಲುತ್ತಾನೆ, ಜೊತೆಗಾರ ಪಾಸ್ ಕೊಡಲು ಆಗದ ಜಾಗದಲ್ಲಿ. ನೋಡುವವರಿಗೆ ಓಡಾಡುತ್ತಿರುವಂತೆಯೇ ಕಾಣುತ್ತಾನೆ. ಚೆಂಡು ಸಿಕ್ಕರೆ ಪಕ್ಕಕ್ಕೆ, ಇಲ್ಲವೇ ಹಿಂದಕ್ಕೆ. ಮುಂದಕ್ಕೆ ಕೊಟ್ಟು ತಪ್ಪಿದರೆ ತನ್ನ ಹೆಸರು ಬರುತ್ತದೆ, ಹಿಂದಕ್ಕೆ ಕೊಟ್ಟರೆ ಜವಾಬ್ದಾರಿ ಇನ್ನೊಬ್ಬನದು. ಹೀಗೆ ಹನ್ನೊಂದು ಮಂದಿಯೂ ಜವಾಬ್ದಾರಿಯನ್ನು ಸುತ್ತು ಹಾಕಿಸತೊಡಗಿದರೆ ತಂಡದ ಬಳಿ ಚೆಂಡು ಬಹಳ ಹೊತ್ತು ಇರುತ್ತದೆ, ಗೋಲು ಬರುವುದಿಲ್ಲ. ಕಬಡ್ಡಿಯಲ್ಲಾದರೆ ನಿಯಮವೇ ಧೈರ್ಯ ಹೇರುತ್ತದೆ. ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ. ಪಾಯಿಂಟ್ ತರಬೇಕು, ಇಲ್ಲವೇ ಔಟ್. ಫುಟ್‌ಬಾಲಿಗೆ ಅಂಥ ನಿಯಮವಿಲ್ಲ. ಅಡಗಿಕೊಳ್ಳಲು ಮೈದಾನ ದೊಡ್ಡದು.

ಹಾಗಾಗಿ ಕೊನೆಯ ವಾರದ ಆವೇಶದ ಭಾಷಣಗಳ ಮೇಲೆ ನನಗೆ ನಂಬಿಕೆಯಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಎಷ್ಟು ಗಟ್ಟಿಯಾಗಿ ಹೆದರಬೇಡಿ ಎಂದರೂ, ಡಿಸೆಂಬರಿನಲ್ಲಿ ತಪ್ಪಿದವನಿಗೆ ಏನಾಯಿತು ಎಂಬುದು ಪ್ರತಿಯೊಬ್ಬ ಆಟಗಾರನಿಗೂ ನೆನಪಿರುತ್ತದೆ. ಅವನು ನಂಬುವುದು ಆ ನೆನಪನ್ನು.

ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿ 2013ರ ಮೇ 12ರಂದು ನಡೆದದ್ದು ಇದಕ್ಕೆ ಒಳ್ಳೆಯ ಸಾಕ್ಷಿ. ಬಡ್ತಿಯ ಪ್ಲೇ-ಆಫ್ ಸೆಮಿಫೈನಲ್‌ನ ಎರಡನೇ ಲೆಗ್, ವಾಟ್‌ಫರ್ಡ್ ಮೈದಾನದಲ್ಲಿ ಲೆಸ್ಟರ್ ಸಿಟಿ. ಹೆಚ್ಚುವರಿ ನಿಮಿಷಗಳೂ ಮುಗಿಯುತ್ತಿದ್ದಾಗ ಲೆಸ್ಟರ್‌ಗೆ ಪೆನಾಲ್ಟಿ ಸಿಕ್ಕಿತು. ಗೋಲಾದರೆ ವೆಂಬ್ಲಿಯ ಫೈನಲ್. ಫ್ರಾನ್ಸಿನ ಯುವಕ ಆಂತೊನಿ ನೊಕಾರ್ ಒದ್ದರು. ಗೋಲ್‌ಕೀಪರ್ ಅಲ್ಮುನಿಯಾ ತಡೆದರು, ಮರಳಿ ಬಂದ ಚೆಂಡನ್ನೂ ತಡೆದರು. ಆ ಚೆಂಡೇ ಮೈದಾನದ ಇನ್ನೊಂದು ತುದಿಗೆ ಹೋಗಿ ಟ್ರಾಯ್ ಡೀನಿಯ ಕಾಲಿನಿಂದ ಗೋಲಾಯಿತು. ಸೆಕೆಂಡುಗಳ ಅಂತರದಲ್ಲಿ ಬಡ್ತಿಯ ಬಾಗಿಲು ಮುಚ್ಚಿತು. ಲೆಸ್ಟರ್ ನೊಕಾರ್ ಅವರನ್ನು ಮಾರಲಿಲ್ಲ, ವ್ಯವಸ್ಥಾಪಕ ನೈಜೆಲ್ ಪಿಯರ್ಸನ್ ಅವರನ್ನು ತೆಗೆಯಲೂ ಇಲ್ಲ. ಮರುವರ್ಷ ಅದೇ ಪಿಯರ್ಸನ್, ತಂಡದಲ್ಲಿ ಅದೇ ನೊಕಾರ್. 102 ಅಂಕಗಳೊಂದಿಗೆ ಆ ದರ್ಜೆಯ ಚಾಂಪಿಯನ್ ಆಗಿ ಲೆಸ್ಟರ್ ನೇರವಾಗಿ ಮೇಲೇರಿತು. ಎರಡು ವರ್ಷ ಕಳೆದು ಪ್ರೀಮಿಯರ್ ಲೀಗನ್ನೇ ಗೆದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದರ ಹಿಂದಿನ ಈ ಕಥೆ ಅಷ್ಟಾಗಿ ಯಾರಿಗೂ ನೆನಪಿಲ್ಲ.

ಬೆಂಗಳೂರಿಗೂ ಇಂಥದೊಂದು ಸಂಜೆ ಬಂದಿತ್ತು. 2015ರ ಮೇ 31, ಕಂಠೀರವ ಕ್ರೀಡಾಂಗಣ, ಐ-ಲೀಗ್‌ನ ಕೊನೆಯ ಪಂದ್ಯ. ಪ್ರಶಸ್ತಿಗೆ ಮೋಹನ್ ಬಾಗಾನ್‌ಗೆ ಡ್ರಾ ಸಾಕಿತ್ತು, ಬೆಂಗಳೂರು ಎಫ್‌ಸಿ ಗೆಲ್ಲಲೇಬೇಕಿತ್ತು. ಜಾನ್ ಜಾನ್ಸನ್ ಅವರ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಎಲ್ಲವನ್ನೂ ಕಿತ್ತುಕೊಂಡಿತು. ಕ್ಲಬ್ ಗಾಬರಿಯಾಗಿ ಮನೆ ಖಾಲಿ ಮಾಡಲಿಲ್ಲ. ಕೋಚ್ ಆಶ್ಲಿ ವೆಸ್ಟ್‌ವುಡ್ ಉಳಿದರು, ಸುನಿಲ್ ಛೆಟ್ರಿ, ಜಾನ್ಸನ್, ಯುಜಿನ್ಸನ್ ಲಿಂಗ್ಡೊ ಉಳಿದರು. 2016ರ ಏಪ್ರಿಲ್ 17ರಂದು ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2–0ರಿಂದ ಸೋಲಿಸಿ ಪ್ರಶಸ್ತಿಯನ್ನು ಮರಳಿ ಪಡೆದರು.

ಇನ್ನೂ ಹಿಂದಕ್ಕೆ ಹೋದರೆ 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ದೊಡ್ಡ ಫುಟ್‌ಬಾಲ್ ಪಂದ್ಯ, ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಭಾರತ 1–2ರಿಂದ ಸೋತಿತು, ಏಕೆಂದರೆ ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ತಪ್ಪಿಸಿದವರಲ್ಲಿ ಒಬ್ಬರು ಶೈಲೇನ್ ಮನ್ನಾ. ಮೂರು ವರ್ಷಗಳ ನಂತರ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗ ನಾಯಕರಾಗಿದ್ದವರು ಅದೇ ಮನ್ನಾ. ಆಯ್ಕೆಗಾರರು 1948ರ ಆ ಒಂದು ಒದೆತವನ್ನು ಹಿಡಿದು ಅವರನ್ನು ಅಳೆದಿದ್ದರೆ ಆ ಚಿನ್ನದ ಕಥೆ ಬೇರೆಯಾಗುತ್ತಿತ್ತೇನೋ.

ಇನ್ನು ಕೊನೆಯ ಮೂರು ವಾರಗಳ ಮಾತು. ವರ್ಷವಿಡೀ ಕೂಡಿಟ್ಟ ಧೈರ್ಯ ಈ ವಾರಗಳಲ್ಲಿ ಸೋರಿಹೋಗದಂತೆ ಕಾಯುವುದೇ ಕೆಲಸ. ಅದಕ್ಕೆ ಮೊದಲು ಮಾಡಬೇಕಾದದ್ದು ದಿನಚರಿಯನ್ನು ಮುಟ್ಟದಿರುವುದು. ದೊಡ್ಡ ಪಂದ್ಯ ಬಂತೆಂದು ಹೊಸ ಹೋಟೆಲು, ಹೊಸ ಊಟ, ಬೆಳಿಗ್ಗೆ ಐದಕ್ಕೆ ವಿಶೇಷ ಅಭ್ಯಾಸ ಎಂದು ಶುರು ಮಾಡಿದರೆ ಆಟಗಾರನಿಗೆ ಹೋಗುವ ಸಂದೇಶ ಒಂದೇ: ಇಷ್ಟು ದಿನ ಮಾಡಿದ್ದು ಸಾಲದು. ಸಾಲುತ್ತಿತ್ತು, ಅದಕ್ಕೇ ಇಲ್ಲಿಯವರೆಗೆ ಬಂದದ್ದು.

ಅಭ್ಯಾಸದಲ್ಲಿ ಕೆಟ್ಟ ಸ್ಥಿತಿಯನ್ನೇ ಆಡಿಸಬೇಕು. ಒಂದು ಗೋಲು ಹಿಂದೆ, ಹದಿನೈದು ನಿಮಿಷ ಉಳಿದಿದೆ, ಒಬ್ಬ ಆಟಗಾರ ಕಡಿಮೆ ಎಂದುಕೊಂಡು ಆಡಿಸಬೇಕು. ಗೋಲು ತಿಂದ ಕೂಡಲೇ ಬಲೆಯಿಂದ ಚೆಂಡು ತೆಗೆದುಕೊಂಡು ಮಧ್ಯಕ್ಕೆ ನಡೆಯುವವರು ಯಾರು ಎಂದು ಮೊದಲೇ ಗೊತ್ತಿರಬೇಕು. ಆಗ ಯಾರೂ ತಲೆ ತಗ್ಗಿಸಿ ನಿಲ್ಲಲು ಹೊತ್ತು ಸಿಗುವುದಿಲ್ಲ. ಪೆನಾಲ್ಟಿಯನ್ನು ಅಭ್ಯಾಸದ ಕೊನೆಗೆ, ಕಾಲು ದಣಿದಾಗ, ಮೈದಾನದ ಮಧ್ಯದಿಂದ ಒಬ್ಬರೇ ನಡೆದು ಬಂದು ಒದೆಯಬೇಕು. ಆ ನಡಿಗೆಯೇ ನಿಜವಾದ ಪರೀಕ್ಷೆ. ಒದೆಯುವವರ ಪಟ್ಟಿ ಕೋಚ್ ಮಾಡಬೇಕು, ತಪ್ಪಿದರೆ ಅದು ತನ್ನ ನಿರ್ಧಾರ ಎಂದು ಮುಂಚೆಯೇ ಹೇಳಬೇಕು. 1996ರಲ್ಲಿ ತಾನೇ ಪೆನಾಲ್ಟಿ ತಪ್ಪಿಸಿದ್ದ ಗರೆತ್ ಸೌತ್‌ಗೇಟ್ ಇಂಗ್ಲೆಂಡಿನ ಕೋಚ್ ಆಗಿ ಮಾಡಿದ್ದು ಇದನ್ನೇ. 2021ರ ಯುರೋ ಫೈನಲ್‌ನಲ್ಲಿ ಮೂವರು ಯುವಕರು ತಪ್ಪಿದಾಗ ಆರಿಸಿದ್ದು ನಾನು, ಹೊಣೆ ನನ್ನದು ಎಂದು ಅವರು ಬಹಿರಂಗವಾಗಿ ಹೇಳಿದರು. ಆ ಮೂವರಲ್ಲಿ ಒಬ್ಬರಾದ ಬುಕಾಯೊ ಸಾಕಾ 2024ರ ಯುರೋ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಮತ್ತೆ ಪೆನಾಲ್ಟಿಗೆ ನಡೆದುಬಂದರು, ಗೋಲು ಹೊಡೆದರು, ಇಂಗ್ಲೆಂಡ್ ಗೆದ್ದಿತು.

ಸಂಭ್ರಮಕ್ಕೂ ಲೆಕ್ಕವಿದೆ. ಶೂಟೌಟ್‌ನಲ್ಲಿ ಗೋಲು ಹೊಡೆದವನು ಎರಡೂ ಕೈ ಎತ್ತಿ ಮನಸಾರೆ ಸಂಭ್ರಮಿಸಿದರೆ ಅವನ ತಂಡ ಗೆಲ್ಲುವ ಸಾಧ್ಯತೆ ಹೆಚ್ಚು ಎಂದು ಯೋರ್ಡೆಟ್ ಮತ್ತು ಜೊತೆಗಾರರು 2010ರಲ್ಲಿ ತೋರಿಸಿದರು. ಧೈರ್ಯವೂ ಅಂಟುತ್ತದೆ, ಭಯದ ಹಾಗೆಯೇ. ಹಾಗಾಗಿ ಬೆಂಚಿನ ಮೇಲೆ ಕೂತವರು ಮುಖ ಗಂಟಿಕ್ಕಿಕೊಂಡಿದ್ದರೆ ಅದು ಆಡುವವರಿಗೂ ತಾಗುತ್ತದೆ. ಅಭ್ಯಾಸದಲ್ಲಿ ಬದಲಿ ಆಟಗಾರರಿಗೆ ಮೊದಲ ಹನ್ನೊಂದು ಮಂದಿಯಷ್ಟೇ ಗಮನ ಕೊಡಬೇಕಾದದ್ದು ಅದಕ್ಕೇ. ಮಂಜೇರಿಯಲ್ಲಿ ಐದು ಗೋಲು ಹೊಡೆದ ಜೆಸಿನ್ ಬದಲಿ ಆಟಗಾರ.

ಪಂದ್ಯಕ್ಕೆ ಮುಂಚೆಯೇ ಬಹುಮಾನ ಘೋಷಿಸುವ ಅಭ್ಯಾಸವೊಂದು ನಮ್ಮಲ್ಲಿದೆ. ಪ್ರೋತ್ಸಾಹಿಸುವವರ ಮನಸ್ಸು ಒಳ್ಳೆಯದು. ಆದರೆ ಗೆದ್ದರೆ ತಲಾ ಇಷ್ಟು ಎಂದು ಹಿಂದಿನ ರಾತ್ರಿ ಹೇಳುವುದು ಆಟಗಾರನ ಕೈಗೆ ಕಳೆದುಕೊಳ್ಳುವ ಇನ್ನೊಂದು ವಸ್ತು ಕೊಟ್ಟಂತೆ. ಗೆದ್ದ ಮೇಲೆ ಕೊಡಿ, ಮುಂಚೆ ಹೇಳಬೇಡಿ. ಮನೆಯವರಿಗೂ ಇದೇ ಮಾತು. ಊರಿನಿಂದ ಫೋನ್ ಮಾಡುವ ಅಪ್ಪ ಅಮ್ಮ ನಾಳೆ ಗೆದ್ದೇ ಬರಬೇಕಪ್ಪಾ ಎನ್ನುವ ಬದಲು ಊಟ ಆಯ್ತಾ, ಮಳೆ ಬಂತಾ ಎಂದು ದಿನದ ಮಾತನ್ನೇ ಆಡಿದರೆ ಸಾಕು.

ಮನೋವಿಜ್ಞಾನಕ್ಕೆ ನಿಲುಕದ ಭಯವೂ ಒಂದಿದೆ, ಅದರ ಬಗ್ಗೆ ಕ್ಲಬ್ಬುಗಳು ಮಾತಾಡಲು ಇಷ್ಟಪಡುವುದಿಲ್ಲ. ಹಿಂದೆ ಬೆಂಗಳೂರಿನ ದೊಡ್ಡ ತಂಡಗಳೆಂದರೆ ಕಾರ್ಖಾನೆಗಳ, ಸೇನೆಯ ತಂಡಗಳು: ಎಚ್‌ಎಎಲ್, ಐಟಿಐ, ಎಎಸ್‌ಸಿ, ಎಂಇಜಿ. ಆಟ ಕೆಟ್ಟರೂ ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಗೇಟು, ಸೇನೆಯ ಪೆರೇಡು ಕಾದಿರುತ್ತಿತ್ತು. ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ. ಆರ್.ಸಿ. ಪ್ರಕಾಶ್ ಅವರಂಥ ಸ್ಟ್ರೈಕರ್ ಎಚ್‌ಎಎಲ್‌ಗಾಗಿ ವರ್ಷಗಟ್ಟಲೆ ಆಡಲು ಅದೂ ಒಂದು ಕಾರಣವಿರಬಹುದು. ಈಗ ಕೆಳದರ್ಜೆಯ ವೃತ್ತಿಪರ ಆಟಗಾರನ ಒಪ್ಪಂದ ಹೆಚ್ಚಾಗಿ ಸೀಸನ್ನಿನ ಜೊತೆಗೇ ಮುಗಿಯುತ್ತದೆ. ಬಡ್ತಿ ಸಿಕ್ಕರೆ ಕ್ಲಬ್ ಇನ್ನೂ ಉತ್ತಮ ಆಟಗಾರರನ್ನು ತಂದು ಅವನನ್ನು ಕಳಿಸಬಹುದು, ಸಿಗದಿದ್ದರೆ ಕ್ಲಬ್ಬೇ ಕೈಚೆಲ್ಲಬಹುದು. ಎರಡೂ ದಾರಿಯಲ್ಲಿ ಕೆಲಸ ಹೋಗುವ ಹುಡುಗನಿಗೆ ನಿರ್ಭಯವಾಗಿ ಆಡು ಎನ್ನುವುದು ಸುಲಭ, ಅವನು ಆಡುವುದು ಕಷ್ಟ.

ಹಾಗಾಗಿ ಬೆಂಗಳೂರಿನ ಕ್ಲಬ್ ಮಾಲೀಕರಲ್ಲಿ ನನ್ನದೊಂದು ಬೇಡಿಕೆ. ಯಾರನ್ನು ಉಳಿಸಿಕೊಳ್ಳುತ್ತೀರಿ ಎಂಬ ತೀರ್ಮಾನವನ್ನು ಬಡ್ತಿಯ ಕೊನೆಯ ಪಂದ್ಯಗಳ ನಂತರಕ್ಕೆ ಮುಂದೂಡಬೇಡಿ. ಕೊನೆಯ ಮೂರು ಪಂದ್ಯಗಳಿಗೆ ಮುಂಚೆಯೇ ಪ್ರತಿ ಆಟಗಾರನನ್ನೂ ಕರೆದು ಕೂರಿಸಿ ಮುಂದಿನ ವರ್ಷದ ಮಾತು ಮುಗಿಸಿ. ಉಳಿಸಿಕೊಳ್ಳುವುದಿದ್ದರೆ ಕಾಗದಕ್ಕೆ ಸಹಿ ಹಾಕಿಸಿ. ಇಲ್ಲವಾದರೆ ಅದನ್ನೂ ಹೇಳಿ, ಬೇರೆ ಕ್ಲಬ್ ಹುಡುಕಲು ನೆರವಾಗುತ್ತೇವೆಂದು ಮಾತು ಕೊಡಿ. ಬಾಕಿ ಸಂಬಳವಿದ್ದರೆ ಆ ವಾರವೇ ಚುಕ್ತಾ ಮಾಡಿ. ಇದಕ್ಕೆ ತಗಲುವುದು ಎರಡು ಮಧ್ಯಾಹ್ನ ಮತ್ತು ಹೇಗಿದ್ದರೂ ಕೊಡಲೇಬೇಕಾಗಿದ್ದ ಹಣ.